ಗುಂಪು ಕಟ್ಕೊಂಡು ಚಿಂಕ್ವೆ ತೆರ್ರೆಗೆ ವೀಕೆಂಡ್ ಟ್ರಿಪ್: ಇಟಲಿಯಲ್ಲಿ ಓದ್ತಿರೋ ನಮ್ಮೋರಿಗೆ ಸಮಗ್ರ ಮಾರ್ಗದರ್ಶಿ

ಇಟಲಿಗೆ ಓದೋಕೆ ಬಂದು ಮೊದಲ ಚಳಿಗಾಲ ಕಳೆದು ಸ್ವಲ್ಪ ಬಿಸಿಲು ಕಂಡಿದ್ದೇ ತಡ, ಎಲ್ಲರ ವಾಟ್ಸಾಪ್ ಗ್ರೂಪಲ್ಲೂ ಅದೇ ಫೋಟೋ ಓಡಾಡೋಕೆ ಶುರುವಾಗತ್ತೆ. ಬಂಡೆ ಮೇಲೆ ಒತ್ತೊತ್ತಾಗಿ ಹಳದಿ, ಗುಲಾಬಿ, ಕೇಸರಿ ಬಣ್ಣದ ಮನೆಗಳು, ಕೆಳಗೆ ನೀಲಿ ನೀರು. ಅದು ಮನರೋಲಾ ಅನ್ನೋ ಊರು, ಚಿಂಕ್ವೆ ತೆರ್ರೆಯ ಐದು ಊರುಗಳಲ್ಲಿ ಒಂದು. ವಾಯವ್ಯ ಇಟಲಿಯ ಲಿಗೂರಿಯಾ ಪ್ರಾಂತ್ಯದ ಕರಾವಳೀಲಿ ಸಾಲಾಗಿ ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲ್ಯಾ, ಮನರೋಲಾ, ರಿಯೊಮಜ್ಜೋರೆ. 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರ್ತು, 1999ರಲ್ಲಿ ನ್ಯಾಷನಲ್ ಪಾರ್ಕ್ ಆಯ್ತು.

ನಾನು ಮಿಲಾನಲ್ಲಿ ಮಾಸ್ಟರ್ಸ್ ಮಾಡ್ತಾ ಮೂರು ಸಲ ಹೋಗಿದೀನಿ. ಮೊದಲ್ನೇ ಸಲ ಹನ್ನೊಂದು ಜನ, ಒಂದೇ ದಿನ, ಐದೂ ಊರು ಮುಗಿಸ್ಬೇಕು ಅನ್ನೋ ಹಠ. ಅವತ್ತು ಜಾಸ್ತಿ ಹೊತ್ತು ಕಳೆದಿದ್ದು ಸಮುದ್ರದ ಹತ್ರ ಅಲ್ಲ, ಸ್ಟೇಷನ್ ಪ್ಲಾಟ್‌ಫಾರಂಗಳಲ್ಲಿ, ಯಾರೋ ಒಬ್ಬರು ಬಂದಿಲ್ಲ ಅಂತ ಕಾಯ್ತಾ. ಕೊನೇ ಸಲ ಆರು ಜನ, ಮೂರೇ ಊರು, ಎರಡು ರಾತ್ರಿ, ಅದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಂಗಾಗಿ ಈ ಮಾರ್ಗದರ್ಶಿ ಪೂರ್ತಿ ನಿಂತಿರೋದು ಒಂದೇ ಮಾತಿನ ಮೇಲೆ, ಐದೂ ಊರು ನೋಡೋ ಆಸೆ ಬಿಡಿ, ಮೂರು ಊರು ನೆಮ್ಮದಿಯಾಗಿ ನೋಡಿ.

ಮೊದಲು ದಿನ ಗೊತ್ತು ಮಾಡ್ಕೊಳ್ಳಿ

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರ ಅಥವಾ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಶುರು, ಇವೆರಡೇ ಸರಿಯಾದ ಟೈಮು ಅನ್ನೋದು ನನ್ನ ಅಭಿಪ್ರಾಯ. ನೀರಿಗೆ ಇಳೀಲೇಬೇಕು ಅನ್ನೋರಿಗೆ ಸೆಪ್ಟೆಂಬರ್, ಯಾಕಂದ್ರೆ ಬೇಸಿಗೆ ಪೂರ್ತಿ ಕಾದ ಸಮುದ್ರ ಆಗಿನ್ನೂ ಬೆಚ್ಚಗಿರತ್ತೆ, ಏಪ್ರಿಲ್ ಮೇನಲ್ಲಿ ಬಿಸಿಲು ಚೆನ್ನಾಗಿದ್ರೂ ನೀರು ಕೊರೆಯತ್ತೆ. ಜುಲೈ ಆಗಸ್ಟ್‌ನಲ್ಲಿ ಆ ಕಿರಿದಾದ ಓಣಿಗಳಲ್ಲಿ ನಿಂತ್ಕೊಳ್ಳೋಕೂ ಜಾಗ ಇರಲ್ಲ. ಇನ್ನು ಏಪ್ರಿಲ್ 25, ಮೇ 1, ಜೂನ್ 2, ಆಗಸ್ಟ್ 15, ಇವು ಇಲ್ಲಿನ ಸರ್ಕಾರಿ ರಜಾ ದಿನಗಳು, ಇವುಗಳ ಅಕ್ಕಪಕ್ಕದ ವೀಕೆಂಡ್ ಬೇಡವೇ ಬೇಡ. ಇಡೀ ಇಟಲಿ ಸಮುದ್ರದ ಕಡೆ ಹೊರಟಿರತ್ತೆ.

ಅಕ್ಟೋಬರ್ ಮಧ್ಯದ ನಂತರ ಹೋಗೋರು ಒಂದು ವಿಷಯ ತಿಳ್ಕೊಂಡಿರಬೇಕು. 2011ರ ಅಕ್ಟೋಬರ್ 25ರಂದು ಇಲ್ಲಿ ಕೆಲವೇ ಗಂಟೆ ಸುರಿದ ಮಳೆಗೆ ಗುಡ್ಡದ ಮಣ್ಣು ಕಲ್ಲು ಎಲ್ಲಾ ಕೊಚ್ಕೊಂಡು ಬಂದು ವೆರ್ನಾತ್ಸಾ ಮತ್ತೆ ಮೊಂತೆರೊಸ್ಸೊ ಊರುಗಳ ಬೀದಿ ತುಂಬಿಬಿಡ್ತು, ಅಂಗಡಿ ಬಾಗಿಲು ಮುಚ್ಚೋ ಎತ್ತರಕ್ಕೆ ಕೆಸರು, ಜೀವಗಳೂ ಹೋದ್ವು. ಅದಕ್ಕೇ ಲಿಗೂರಿಯಾದಲ್ಲಿ ಮಳೆಗೆ ಹಳದಿ, ಕಿತ್ತಳೆ, ಕೆಂಪು ಅಂತ ಎಚ್ಚರಿಕೆ ಕೊಡ್ತಾರೆ, "ಅಲ್ಲೆರ್ತಾ" ಅಂತಾರೆ. ಅಲ್ಲೆರ್ತಾ ಇದ್ದಾಗ ಊರುಗಳ ನಡುವಿನ ಗುಡ್ಡದ ಕಾಲುದಾರಿಗಳನ್ನ ಮುಚ್ತಾರೆ. ಹೊರಡೋ ಹಿಂದಿನ ದಿನ ಇದನ್ನ ನೋಡೋ ಜವಾಬ್ದಾರಿ ಒಬ್ಬರಿಗೆ ವಹಿಸಿ, ಕಿತ್ತಳೆ ಅಥವಾ ಕೆಂಪು ಬಂತು ಅಂದ್ರೆ ಟಿಕೆಟ್ ದುಡ್ಡು ಹೋದ್ರೂ ಪರ್ವಾಗಿಲ್ಲ, ಟ್ರಿಪ್ ಮುಂದಕ್ಕೆ ಹಾಕಿ.

ಎಷ್ಟು ಜನ, ದುಡ್ಡು ಯಾರ ಕೈಲಿ

ನಾಲ್ಕರಿಂದ ಆರು ಜನ. ಆರು ದಾಟಿದ್ರೆ ಹೋಟೆಲಲ್ಲಿ ಒಂದೇ ಟೇಬಲ್ ಸಿಗಲ್ಲ, ಹಾಸ್ಟೆಲಲ್ಲಿ ಒಂದೇ ರೂಮ್ ಸಿಗಲ್ಲ, ಟ್ರೈನ್ ಬಾಗಿಲು ಮುಚ್ಚೋದ್ರೊಳಗೆ ಎಲ್ಲರೂ ಹತ್ತೋಕೂ ಆಗಲ್ಲ. ನಮ್ಮ ಆರು ಜನದಲ್ಲಿ ಮೂವರು ಕನ್ನಡದೋರು, ಒಬ್ಬ ಗುಂಟೂರಿನ ಹುಡುಗ, ಒಬ್ಬಳು ಇರಾನಿನವಳು, ಇನ್ನೊಬ್ಬ ಟರ್ಕಿಯವನು. ಭಾಷೆ ಬೇರೆ, ಊಟ ಬೇರೆ, ನಡಿಗೆ ಬೇರೆ. ಹೊರಡೋಕೆ ಒಂದು ವಾರ ಮುಂಚೆ ಒಬ್ಬರ ಮನೇಲಿ ಕೂತು ಚಾ ಕುಡೀತಾ ಮೂರೇ ವಿಷಯ ಮಾತಾಡಿದ್ವಿ. ತಲಾ ಎಷ್ಟು ಖರ್ಚು ಮಾಡೋಕೆ ಆಗತ್ತೆ, ಯಾರಿಗೆ ಈಜು ಬರತ್ತೆ, ಯಾರಿಗೆ ಮಂಡಿನೋವು ಅಥವಾ ಎತ್ತರದ ಭಯ ಇದೆ.

ದುಡ್ಡಿನ ವಿಷಯ ಬಾಯಿಬಿಟ್ಟು ಮಾತಾಡಿ, ದಯವಿಟ್ಟು. ಸ್ಕಾಲರ್‌ಶಿಪ್ ಕಂತು ಇನ್ನೂ ಬಂದಿಲ್ಲದವರು, ಮನೆಯಿಂದ ಸಾಲ ತಂದು ಓದ್ತಿರೋರು ಗುಂಪಲ್ಲಿ ಇದ್ದೇ ಇರ್ತಾರೆ, ಅವರು ನಾಚ್ಕೊಂಡು ಏನೂ ಹೇಳದೆ ಹೂಂ ಅಂದು ಆಮೇಲೆ ತಿಂಗಳೆಲ್ಲಾ ಬರೀ ಪಾಸ್ತಾ ತಿಂದ್ಕೊಂಡು ಇರ್ತಾರೆ. ನಮಗೆ ಮಿಲಾನಿಂದ ಎರಡು ರಾತ್ರಿಗೆ ಎಲ್ಲಾ ಸೇರಿ ತಲಾ ಸುಮಾರು 160 ಯುರೋ ಆಯ್ತು. ಟ್ರೈನ್, ರೂಮ್, ಅಲ್ಲಿ ಓಡಾಡೋ ಕಾರ್ಡ್ (ಅದ್ರ ಬಗ್ಗೆ ಮುಂದೆ ಹೇಳ್ತೀನಿ) ಎಲ್ಲಾ ಒಬ್ಬರೇ ಬುಕ್ ಮಾಡಿ, ಖರ್ಚು ಹಂಚೋ ಆ್ಯಪಲ್ಲಿ ಅವತ್ತೇ ಬರೆದಿಡಿ. ಜೊತೆಗೆ ತಲಾ 20 ಯುರೋ ನಗದು ಸೇರಿಸಿ ಒಂದು ಚಿಕ್ಕ ಪರ್ಸ್ ಮಾಡ್ಕೊಳ್ಳಿ, ನೀರು, ಬಸ್ಸು, ರೂಮಿನ ತೆರಿಗೆ ಇಂಥದಕ್ಕೆಲ್ಲಾ ಅದ್ರಿಂದ.

ಎಲ್ಲಿ ಉಳ್ಕೊಳ್ಳೋದು

ಐದು ಊರುಗಳ ಒಳಗೆ ರೂಮು ದುಬಾರಿ, ಲಗೇಜ್ ಹೊತ್ಕೊಂಡು ಮೆಟ್ಟಿಲು ಹತ್ತೋದು ಬೇರೆ. ಸ್ಟೂಡೆಂಟ್ಸ್‌ಗೆ ಐದೂ ಊರುಗಳ ಸಾಲಿನ ಒಂದು ತುದೀಲಿರೋ ಲಾ ಸ್ಪೇತ್ಸಿಯಾ ಸರಿ. ಅದು ನಿಜವಾದ ಪಟ್ಟಣ, ಸೂಪರ್‌ಮಾರ್ಕೆಟ್ ಇದೆ, ಕಮ್ಮಿ ರೇಟಲ್ಲಿ ಹಾಸ್ಟೆಲ್, ಅಪಾರ್ಟ್‌ಮೆಂಟ್ ಸಿಗತ್ತೆ, ಅಲ್ಲಿಂದ ರಿಯೊಮಜ್ಜೋರೆಗೆ ಟ್ರೈನಲ್ಲಿ ಹತ್ತು ನಿಮಿಷ ಕೂಡ ಇಲ್ಲ. ಇನ್ನೊಂದು ತುದೀಲಿ ಲೇವಂತೊ ಇದೆ, ಅಲ್ಲಿ ಬೀಚ್ ಚೆನ್ನಾಗಿದೆ, ಊರು ಶಾಂತ, ಆದ್ರೆ ಬೇಗ ಬುಕ್ ಆಗೋಗತ್ತೆ.

ಬುಕ್ ಮಾಡೋವಾಗ ಎರಡು ಕಡೆ ಕಣ್ಣಿಡಿ. ಒಂದು ಚೆಕ್ ಇನ್ ಎಷ್ಟೊತ್ತಿನ ತನಕ ಅನ್ನೋದು. ಎರಡ್ನೇ ಸಲ ನಾವು ಹೋದಾಗ ಟ್ರೈನ್ ಲೇಟಾಗಿ ರಾತ್ರಿ ಹನ್ನೊಂದಕ್ಕೆ ತಲುಪಿದ್ವಿ, ಬುಕ್ ಮಾಡಿದ್ದ ಕಡೆ ಬಾಗಿಲು ಹಾಕಿತ್ತು, ಫೋನ್ ಎತ್ತಲಿಲ್ಲ, ಕೊನೆಗೆ ನಾಲ್ಕು ಜನ ಸ್ಟೇಷನ್ ಹತ್ರ ಸಿಕ್ಕ ದುಬಾರಿ ರೂಮಲ್ಲಿ ಮಲಗಿದ್ವಿ. ಅವತ್ತಿಂದ ನಾನು ಹೊರಡೋ ದಿನ ಬೆಳಿಗ್ಗೇನೇ "ನಾವು ಇಷ್ಟೊತ್ತಿಗೆ ಬರ್ತೀವಿ, ಬೀಗದ ಕೈ ಹೇಗೆ ಕೊಡ್ತೀರಿ" ಅಂತ ಮೆಸೇಜ್ ಮಾಡಿ ಉತ್ತರ ತರಿಸ್ಕೊಂಡೇ ಹೊರಡೋದು. ಎರಡ್ನೇದು "ತಾಸ್ಸಾ ದಿ ಸೊಜ್ಜೋರ್ನೊ", ರಾತ್ರಿಗೆ ತಲಾ ಇಷ್ಟು ಅಂತ ಊರಿಗೆ ಕೊಡೋ ತೆರಿಗೆ, ಬುಕಿಂಗ್ ರೇಟಲ್ಲಿ ಸೇರಿರಲ್ಲ, ಸಾಮಾನ್ಯವಾಗಿ ಅಲ್ಲೇ ಹೋಗಿ ಕಟ್ಬೇಕು.

ಪಾಸ್‌ಪೋರ್ಟ್ ಒರಿಜಿನಲ್ ತಗೊಂಡೇ ಹೋಗಿ, ಫೋನಲ್ಲಿರೋ ಫೋಟೋ ಸಾಲಲ್ಲ, ಯಾಕಂದ್ರೆ ಇಲ್ಲಿ ಯಾರೇ ಉಳ್ಕೊಂಡ್ರೂ ಅವರ ವಿವರ ಪೊಲೀಸರಿಗೆ ಕಳಿಸೋದು ರೂಮ್ ಕೊಡೋರ ಕರ್ತವ್ಯ. ಪೆರ್ಮೆಸ್ಸೊ ಕಾರ್ಡ್, ಅಂದ್ರೆ ಇಲ್ಲಿ ಉಳ್ಕೊಳ್ಳೋಕೆ ಕೊಡೋ ಪರವಾನಗಿ, ಇನ್ನೂ ಬಂದಿಲ್ಲ ಅಂತ ಹೊಸಬ್ರು ಹೆದರ್ಕೊಳ್ತಾರೆ, ಹೆದರ್ಬೇಡಿ, ಅರ್ಜಿ ಹಾಕಿದಾಗ ಪೋಸ್ಟ್ ಆಫೀಸಲ್ಲಿ ಕೊಟ್ಟ ರಿಚೆವೂತಾ (ರಸೀದಿ) ಚೀಟಿ ಮತ್ತೆ ಪಾಸ್‌ಪೋರ್ಟ್ ಜೊತೆಗಿದ್ರೆ ಇಟಲಿ ಒಳಗೆ ಓಡಾಡೋಕೆ ತೊಂದರೆ ಇಲ್ಲ. ಆದ್ರೆ ವೀಸಾ ಮುಗಿದು ಬರೀ ಚೀಟಿ ಇರೋರು "ಹಂಗೇ ಟ್ರೈನ್ ಹತ್ತಿ ಫ್ರಾನ್ಸ್‌ನ ನೀಸ್ ಕೂಡ ನೋಡ್ಬಿಡೋಣ" ಅನ್ನೋ ಪ್ಲಾನಿಗೆ ಸೇರ್ಬೇಡಿ. ಆ ಚೀಟಿ ಗಡಿ ದಾಟೋಕೆ ನಡೆಯಲ್ಲ.

ಟ್ರೈನ್ ವಿಷಯ, ಇದನ್ನ ಸರಿಯಾಗಿ ಓದಿ

ಮಿಲಾನ್ ಚೆಂತ್ರಾಲೆಯಿಂದ ಜೆನೋವಾ ಮೇಲೆ ಹಾದು ಲಾ ಸ್ಪೇತ್ಸಿಯಾಗೆ ಇಂಟರ್‌ಸಿಟಿ ಟ್ರೈನುಗಳಿವೆ, ಮೂರು ಗಂಟೆ, ಮೂರೂವರೆ ಗಂಟೆ ಹಿಡಿಯತ್ತೆ. ಫ್ಲೋರೆನ್ಸ್ ಕಡೆಯಿಂದ ಬರೋರಿಗೆ ಪೀಸಾ ಮೇಲೆ ರೀಜನಲ್ ಟ್ರೈನ್, ಅಂದ್ರೆ ನಮ್ಮ ಪ್ಯಾಸೆಂಜರ್ ಥರದ್ದು, ಸಾಕು. ಇಂಟರ್‌ಸಿಟಿ ಟಿಕೆಟ್ ಬೇಗ ತಗೊಂಡಷ್ಟೂ ಕಮ್ಮಿ, ಆದ್ರೆ ತುಂಬಾ ಅಗ್ಗದ ಟಿಕೆಟ್ ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರಲ್ಲ. ರೀಜನಲ್ ಟಿಕೆಟ್ ಹಂಗಲ್ಲ, ದೂರದ ಲೆಕ್ಕದಲ್ಲಿ ರೇಟು ನಿಗದಿ, ಇವತ್ತು ತಗೊಂಡ್ರೂ ಅಷ್ಟೇ ಒಂದು ತಿಂಗಳು ಮುಂಚೆ ತಗೊಂಡ್ರೂ ಅಷ್ಟೇ.

ನಮ್ಮ ಹುಡುಗ್ರು ಎಡವೋದು ಇಲ್ಲೇ. ರೀಜನಲ್ ಟ್ರೈನಿನ ಕಾಗದದ ಟಿಕೆಟ್ ತಗೊಂಡ್ರೆ ಹತ್ತೋ ಮುಂಚೆ ಪ್ಲಾಟ್‌ಫಾರಂ ಹತ್ರ ಇರೋ ಚಿಕ್ಕ ಮಷಿನ್ ಬಾಯಿಗೆ ತುರುಕಿ ಸೀಲ್ ಹೊಡ್ಸ್ಕೋಬೇಕು, ಕಟಕ್ ಅಂತ ಸದ್ದು ಬಂದು ಅಂಚಲ್ಲಿ ಟೈಮು ತಾರೀಕು ಅಚ್ಚಾಗಿದ್ಯಾ ಅಂತ ನೋಡಿ. ಫೋನಲ್ಲಿ ತಗೊಂಡ ರೀಜನಲ್ ಟಿಕೆಟಿಗೆ ಹತ್ತೋ ಮುಂಚೆ ಆ್ಯಪಲ್ಲೇ ಚೆಕ್ ಇನ್ ಒತ್ತಬೇಕು. ದುಡ್ಡು ಕೊಟ್ಟಿದೀವಲ್ಲ ಅನ್ನೋ ವಾದ ಇಲ್ಲಿ ನಡೆಯಲ್ಲ. ನಮ್ಮ ಗುಂಟೂರಿನ ಹುಡುಗ ಒಂದು ಸಲ ಮರೆತು ದಂಡ ಕಟ್ಟಿದ, ಪಾಪ, ಅವನ ಎರಡು ದಿನದ ಊಟದ ದುಡ್ಡು ಅಷ್ಟೊತ್ತಿಗೆ ಹೋಯ್ತು. ಅಲ್ಲಿಂದ ಮುಂದೆ ಆರೂ ಜನ ಪ್ಲಾಟ್‌ಫಾರಂ ಮೇಲೆ ಫೋನ್ ಎತ್ತಿ ಒಬ್ಬರಿಗೊಬ್ಬರು ಸ್ಕ್ರೀನ್ ತೋರಿಸ್ಕೊಂಡೇ ಹತ್ತೋದು ಅಂತ ನಿಯಮ ಮಾಡಿದ್ವಿ.

ಇನ್ನೊಂದು "ಶೋಪೆರೊ", ಅಂದ್ರೆ ಮುಷ್ಕರ. ಇಟಲೀಲಿ ಇದು ಮೊದಲೇ ಘೋಷಣೆ ಆಗತ್ತೆ, ಶುಕ್ರವಾರಗಳಲ್ಲಿ ಜಾಸ್ತಿ ಕಾಣತ್ತೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಮುಖ್ಯವಾದ ರೀಜನಲ್ ಟ್ರೈನುಗಳು ಓಡ್ಲೇಬೇಕು ಅನ್ನೋ ವ್ಯವಸ್ಥೆ ಇದೆ, ಆ ಹೊತ್ತಿಗೆ ಸರಿಯಾಗಿ ಹೊರಟ್ರೆ ಬಚಾವ್.

ಐದು ಊರುಗಳ ನಡುವೆ ಓಡಾಡೋಕೆ ಕಾರ್ಡ್ ಇದೆ, ಚಿಂಕ್ವೆ ತೆರ್ರೆ ಕಾರ್ಡ್, ಎರಡು ಥರ. ಒಂದು ಬರೀ ಟ್ರೆಕ್ಕಿಂಗ್ ಕಾರ್ಡ್, ಇನ್ನೊಂದು ಟ್ರೈನ್ ಸೇರಿದ್ದು, ಅದ್ರಲ್ಲಿ ಲೇವಂತೊ ಮತ್ತೆ ಲಾ ಸ್ಪೇತ್ಸಿಯಾ ನಡುವೆ ದಿನವಿಡೀ ಎಷ್ಟು ಸಲ ಬೇಕಾದ್ರೂ ಹತ್ತಿ ಇಳೀಬಹುದು, ದುಡ್ಡು ಕೊಡ್ಬೇಕಾದ ಕಾಲುದಾರಿಗಳು, ಊರೊಳಗಿನ ಮಿನಿ ಬಸ್ಸು, ಸ್ಟೇಷನ್ ಟಾಯ್ಲೆಟ್ ಎಲ್ಲಾ ಸೇರಿದೆ. ರೇಟು ಸೀಸನ್ನು, ದಿನ ನೋಡ್ಕೊಂಡು ಬದಲಾಗತ್ತೆ. ಸೀಸನ್ನಲ್ಲಿ ಮೂರು ನಿಮಿಷದ ಪ್ರಯಾಣಕ್ಕೂ ಬಿಡಿ ಟಿಕೆಟ್ 5 ಯುರೋಗಿಂತ ಕಮ್ಮಿ ಇಲ್ಲ, ಜೊತೆಗೆ ಕಾಲುದಾರಿ ಫೀಸು ಬೇರೆ, ಹಂಗಾಗಿ ಶನಿವಾರ ಒಂದು ದಿನಕ್ಕೆ ಟ್ರೈನ್ ಕಾರ್ಡ್ ತಗೊಳ್ಳಿ, ಭಾನುವಾರಕ್ಕೆ ಬೇಡ, ಯಾಕೆ ಅಂತ ಮುಂದೆ ಹೇಳ್ತೀನಿ.

ಬ್ಯಾಗಲ್ಲಿ ಏನು

ಒಬ್ಬರಿಗೆ ಒಂದು ಬೆನ್ನಿಗೆ ಹಾಕ್ಕೊಳ್ಳೋ ಬ್ಯಾಗ್ ಅಷ್ಟೇ, ಗಾಲಿ ಸೂಟ್‌ಕೇಸ್ ಬೇಡ. ನೀರಿನ ಬಾಟಲ್, ಟೋಪಿ, ಟವೆಲ್, ಪವರ್ ಬ್ಯಾಂಕ್. ಶೂ ಮಾತ್ರ ಹಿಡಿತ ಇರೋದೇ ಬೇಕು. ಚಪ್ಪಲಿ ಹಾಕ್ಕೊಂಡು ಆ ಗುಡ್ಡದ ದಾರೀಲಿ ಹೋದ್ರೆ ಪಾರ್ಕಿನವರು ದಂಡ ಹಾಕ್ತಾರೆ, 50 ಯುರೋಯಿಂದ ಶುರುವಾಗಿ 2500ರ ತನಕ ಹಾಕೋ ಅವಕಾಶ ಇದೆ. ಅದು ದುಡ್ಡಿಗಾಗಿ ಮಾಡಿದ ನಿಯಮ ಅಲ್ಲ, ಕಾಲು ಜಾರಿ ಬಿದ್ದೋರನ್ನ ಆ ಗುಡ್ಡದಿಂದ ಹೊತ್ತು ಇಳಿಸೋದು ಎಷ್ಟು ಕಷ್ಟ ಅಂತ ದಾರಿ ನೋಡಿದ್ರೆ ಗೊತ್ತಾಗತ್ತೆ.

ಶನಿವಾರ: ಬೇಗ ಏಳಿ

ಶುಕ್ರವಾರ ರಾತ್ರೀನೇ ಲಾ ಸ್ಪೇತ್ಸಿಯಾ ಸೇರ್ಕೊಂಡು, ಬೆಳಿಗ್ಗೆ ಏಳು ಗಂಟೆ ಹೊತ್ತಿಗೆ ಅಲ್ಲಿನ ಸ್ಟೇಷನಲ್ಲಿ ಇರಿ. ಹತ್ತು ಗಂಟೆ ಮೇಲೆ ಟೂರ್ ಗುಂಪುಗಳು ಬಂದಿಳೀತವೆ, ಅಷ್ಟೊತ್ತಿಗೆ ನಿಮ್ಮ ನಡಿಗೆ ಮುಗಿಯೋಕೆ ಬಂದಿರಬೇಕು. ಮೊದಲ ನಾಲ್ಕು ಊರು ಬಿಟ್ಟು ಸೀದಾ ಮೊಂತೆರೊಸ್ಸೊದಲ್ಲಿ ಇಳೀರಿ. ದಾರಿಯೆಲ್ಲಾ ಸುರಂಗ, ಮಧ್ಯೆ ಮಧ್ಯೆ ಒಂದು ಕ್ಷಣ ಸಮುದ್ರ ಮಿಂಚಿ ಮತ್ತೆ ಕತ್ತಲೆ. ಹತ್ತೋ ಮುಂಚೆ ಬೋರ್ಡಲ್ಲಿ ಆ ಟ್ರೈನ್ ನಿಲ್ಲೋ ಊರುಗಳ ಹೆಸರು ಓದಿ, ಕೆಲವು ಟ್ರೈನ್ ಎಲ್ಲಾ ಕಡೆ ನಿಲ್ಲಲ್ಲ.

ಅಲ್ಲಿಂದ ವೆರ್ನಾತ್ಸಾಗೆ ನಡೀರಿ. ಮೂರೂವರೆ ಕಿಲೋಮೀಟರ್, ನಮ್ಮಂಥೋರಿಗೆ ಎರಡು ಗಂಟೆ. ಶುರುನಲ್ಲೇ ಮೆಟ್ಟಿಲುಗಳು ಎದೆ ಹಿಡಿಯೋ ಹಾಗೆ ಬರ್ತವೆ, ಆದ್ರೆ ಕರಾವಳಿ ನೈಋತ್ಯಕ್ಕೆ ಮುಖ ಮಾಡಿರೋದ್ರಿಂದ ಬೆಳಿಗ್ಗೆ ಹೊತ್ತು ಗುಡ್ಡದ ನೆರಳು ಸಿಗತ್ತೆ. ಎಲ್ಲರಿಗಿಂತ ನಿಧಾನ ನಡೆಯೋರು ಮುಂದೆ ಇರಲಿ, ಜೋರಾಗಿ ನಡೆಯೋರು ಹಿಂದೆ. ಈ ಒಂದು ಬದಲಾವಣೆಯಿಂದ ನಮ್ಮಲ್ಲಿ ಯಾರೂ ಮುಖ ಊದಿಸ್ಕೊಳ್ಳಲಿಲ್ಲ, ಯಾರೂ ಒಬ್ಬರೇ ಹಿಂದೆ ಉಳೀಲಿಲ್ಲ.

ಈ ದಾರೀಲಿ ಪಕ್ಕದ ಕಲ್ಲುಗೋಡೆಗಳನ್ನ ನಿಂತು ನೋಡಿ. ಗುಡ್ಡದ ಇಳಿಜಾರನ್ನ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಒಂದೊಂದು ಮೆಟ್ಟಿಲಿಗೂ ಗಾರೆ ಸಿಮೆಂಟು ಏನೂ ಇಲ್ಲದೆ ಬರೀ ಕಲ್ಲು ಕಲ್ಲಿಗೆ ಹೊಂದಿಸಿ ಗೋಡೆ ಕಟ್ಟಿದಾರೆ, ಮೇಲೆ ದ್ರಾಕ್ಷಿ ಬಳ್ಳಿ. ಕೈ ಇಟ್ರೆ ಒಳಗಿಂದ ತಣ್ಣಗಿನ ಗಾಳಿ ಬರತ್ತೆ, ಸಂದೀಲಿ ಮಳೆ ನೀರು ಇಳಿದು ಹೋಗೋಕೆ ದಾರಿ ಬಿಟ್ಟಿದಾರೆ, ಅದಕ್ಕೇ ಗೋಡೆ ನಿಲ್ಲೋದು. ನೂರಾರು ವರ್ಷ ಬುಟ್ಟೀಲಿ ಮಣ್ಣು ಹೊತ್ತು ಮಾಡಿದ ಕೆಲಸ. ಹೀಗೆ ಗಾರೆ ಇಲ್ಲದೆ ಕಲ್ಲು ಕಟ್ಟೋ ವಿದ್ಯೆಗೆ 2018ರಲ್ಲಿ ಯುನೆಸ್ಕೊ ಬೇರೆಯಾಗಿಯೇ ಮನ್ನಣೆ ಕೊಡ್ತು, ಇಟಲಿ ಸೇರಿ ಹಲವು ದೇಶಗಳಿಗೆ. ನಮ್ಮ ಜೊತೆ ಬಂದಿದ್ದ ತೀರ್ಥಹಳ್ಳಿ ಕಡೆಯ ಹುಡುಗಿ ಅಲ್ಲಿ ಓಡೋ ಒಂದೇ ಹಳಿಯ ಪುಟ್ಟ ಗಾಡಿ, ದ್ರಾಕ್ಷಿ ಬುಟ್ಟಿ ಹೊರೋಕೆ ಇಟ್ಟಿರೋದು, ಅದನ್ನ ನೋಡಿ "ಇಂಥದೊಂದು ನಮ್ಮ ತೋಟಕ್ಕಿದ್ರೆ ಅಪ್ಪನ ಬೆನ್ನುನೋವು ಅರ್ಧ ಹೋಗ್ತಿತ್ತು" ಅಂದ್ಲು. ಫೋಟೋಗೆ ಅಂತ ಆ ಗೋಡೆ ಮೇಲೆ ಹತ್ತಬೇಡಿ. ಒಂದು ಕಲ್ಲು ಸಡಿಲ ಆದ್ರೆ ಮುಂದಿನ ಮಳೆಗೆ ಇಡೀ ಗೋಡೆ ಕೂತ್ಬಿಡತ್ತೆ, ಕಟ್ಟೋ ಕೈಗಳು ಈಗ ಕಮ್ಮಿ.

ವೆರ್ನಾತ್ಸಾ ಮೇಲಿಂದ ಕಾಣೋ ಹೊತ್ತಿಗೆ ಎಲ್ಲರೂ ಮಾತು ನಿಲ್ಲಿಸಿದ್ವಿ. ಅಲ್ಲೇ ಕೂತ್ಕೊಳ್ಳಿ, ಅರ್ಧ ಗಂಟೆ ಹೋದ್ರೆ ಹೋಗ್ಲಿ.

ಮಧ್ಯಾಹ್ನ ವೆರ್ನಾತ್ಸಾದಲ್ಲಿ ಊಟ, ನೆರಳಲ್ಲಿ ವಿಶ್ರಾಂತಿ. ಕೊರ್ನೀಲ್ಯಾ ಬಿಟ್ಟುಬಿಡಿ ಅಂತೀನಿ ನಾನು, ಅದು ಸಮುದ್ರದಿಂದ ಸುಮಾರು ನೂರು ಮೀಟರ್ ಎತ್ತರದಲ್ಲಿದೆ, ಸ್ಟೇಷನಿಂದ ಊರಿಗೆ ಮುನ್ನೂರೆಂಬತ್ತರ ಹತ್ತಿರ ಮೆಟ್ಟಿಲು. ಮಿನಿ ಬಸ್ಸೂ ಇದೆ, ಶಾಂತವಾದ ಊರು, ಇನ್ನೊಂದು ಸಲಕ್ಕೆ ಇರಲಿ. ನಾಲ್ಕೈದು ಗಂಟೆಗೆ ಟ್ರೈನ್ ಹತ್ತಿ ಮನರೋಲಾಗೆ ಹೋಗಿ. ಬಂದರಿನ ಪಕ್ಕದಿಂದ ಎಡಗಡೆ ಊರು ಕಾಣೋ ಹಾಗೆ ಬಲಕ್ಕೆ ಒಂದು ದಾರಿ ಸುತ್ತಿ ಹೋಗತ್ತೆ, ಆ ವಾಟ್ಸಾಪ್ ಫೋಟೋ ತೆಗೆಯೋದು ಅಲ್ಲಿಂದಲೇ. ಸೂರ್ಯ ಮುಳುಗೋಕೆ ಒಂದು ಗಂಟೆ ಮುಂಚೆ ಜಾಗ ಹಿಡೀರಿ.

ಮನರೋಲಾ ಮತ್ತೆ ರಿಯೊಮಜ್ಜೋರೆ ನಡುವೆ "ವಿಯಾ ದೆಲ್ಲಮೋರೆ", ಪ್ರೇಮದ ದಾರಿ ಅಂತ, ಒಂದು ಕಿಲೋಮೀಟರ್‌ಗಿಂತ ಕಮ್ಮಿ, ಸಮತಟ್ಟು. 2012ರಲ್ಲಿ ಬಂಡೆ ಬಿದ್ದು ಮುಚ್ಚಿದ್ದು 2024ರಲ್ಲಿ ಮತ್ತೆ ತೆರೀತು. ಇದಕ್ಕೆ ಟೈಮ್ ಗೊತ್ತು ಮಾಡಿ ಬೇರೆ ದುಡ್ಡು ಕಟ್ಟಿ ಮೊದಲೇ ಬುಕ್ ಮಾಡ್ಬೇಕು. ಮಂಡಿನೋವು ಇರೋರು ಗುಂಪಲ್ಲಿದ್ರೆ ಬೆಳಗಿನ ಗುಡ್ಡದ ನಡಿಗೆ ಬದಲು ಎಲ್ಲರೂ ಇದನ್ನೇ ಮಾಡಿ, ಅವರೊಬ್ಬರನ್ನ ಬಿಟ್ಟು ಹೋಗೋದು ಬೇಡ.

ಊಟ, ಅದರಲ್ಲೂ ವೆಜ್ ಇರೋರಿಗೆ

ನಮ್ಮವರಿಗೆ ಈ ಕರಾವಳಿ ಇಟ್ಟಿರೋ ದೊಡ್ಡ ಉಡುಗೊರೆ ಫರಿನಾತಾ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಇಷ್ಟೇ. ನೀರಾಗಿ ಕಲಸಿ, ಅಗಲವಾದ ತಾಮ್ರದ ತಟ್ಟೇಲಿ ಹುಯ್ದು ಸೌದೆ ಒಲೇಲಿ ಬೇಯಿಸ್ತಾರೆ. ಲಾ ಸ್ಪೇತ್ಸಿಯಾದ ಒಂದು ಚಿಕ್ಕ ಅಂಗಡೀಲಿ ಅದು ಒಲೆಯಿಂದ ಹೊರಗೆ ಬರ್ತಾನೇ ಮೇಲೆ ಕಂದು ಬಣ್ಣದ ಗುಳ್ಳೆ, ಅಂಚು ಗರಿಗರಿ, ಒಳಗೆ ಮೆತ್ತಗೆ, ಮೇಲೆ ಕರಿಮೆಣಸು ಪುಡಿ ಉದುರಿಸಿ ಕಾಗದದಲ್ಲಿ ಸುತ್ತಿ ಕೊಟ್ರು. ಕಡಲೆಹಿಟ್ಟಿನ ದೋಸೆ ಘಮ ಮೂಗಿಗೆ ಬಡೀತು ನೋಡಿ, ಅಮ್ಮ ಕಳಿಸಿದ್ದ ಚಟ್ನಿಪುಡಿ ಡಬ್ಬಿ ಬ್ಯಾಗಿಂದ ತೆಗೆದೆ, ಇರಾನಿನ ಗೆಳತಿ ಮೂರು ಸಲ ಹಾಕಿಸ್ಕೊಂಡ್ಲು.

ಪೆಸ್ತೊ ಹುಟ್ಟಿದ್ದೂ ಇದೇ ಸೀಮೇಲಿ. ತುಳಸಿ ಜಾತಿಯ ಬಾಸಿಲಿಕೊ ಎಲೆ, ಪೈನ್ ಬೀಜ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಚೀಸು. ಆಲೂಗೆಡ್ಡೆ, ಹುರುಳಿಕಾಯಿ ಹಾಕಿ ತ್ರೋಫಿಯೆ ಪಾಸ್ತಾ ಜೊತೆ ಕೊಡ್ತಾರೆ. ಕಟ್ಟುನಿಟ್ಟಿನ ವೆಜ್ ಇರೋರು ಗಮನಿಸಿ, ಅದಕ್ಕೆ ಹಾಕೋ ಪರ್ಮಿಜಾನೊ ಚೀಸನ್ನ ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಗಟ್ಟಿ ಮಾಡೋ ರೆನೆಟ್ ಹಾಕಿ ಮಾಡೋದು. ಫೊಕಾಚ್ಚಾ ಬ್ರೆಡ್ ಎಲ್ಲಾ ಕಡೆ ಸಿಗತ್ತೆ, ಕೆಲವರು ಹಂದಿ ಕೊಬ್ಬು ಹಾಕ್ತಾರೆ, "ಚೆ ಲೊ ಸ್ತ್ರುತ್ತೊ?" ಅಂತ ಕೇಳಿ. ಹಂದಿ ತಿನ್ನದ ನಮ್ಮ ಟರ್ಕಿ ಹುಡುಗನಿಗೂ ಇದು ಬೇಕಾಯ್ತು. ಇನ್ನು ಮೊಂತೆರೊಸ್ಸೊ ಅಚ್ಚೂಗೆ ಅನ್ನೋ ಪುಟ್ಟ ಮೀನಿಗೆ ಹೆಸರುವಾಸಿ, ಪಿಜ್ಜಾ ಮೇಲೂ ಅದು ಕೂತಿರತ್ತೆ, ಆರ್ಡರ್ ಕೊಡೋವಾಗ "ನಿಯೆಂತೆ ಕಾರ್ನೆ, ನಿಯೆಂತೆ ಪೇಶೆ" ಅಂತ ಎರಡೂ ಹೇಳಿ, ಮಾಂಸ ಬೇಡ ಅಂದ್ರೆ ಮೀನು ಬೇಡ ಅಂತ ಅರ್ಥ ಆಗಲ್ಲ. ಮೀನು ತಿನ್ನೋರು ಮಾತ್ರ ಅದನ್ನ ತಪ್ಪಿಸ್ಬೇಡಿ.

ಮಧ್ಯಾಹ್ನ ಎರಡೂವರೆ, ಮೂರಕ್ಕೆ ಅಡುಗೆಮನೆ ಮುಚ್ಚಿದ್ರೆ ಸಂಜೆ ಏಳರ ತನಕ ಬಿಸಿ ಊಟ ಸಿಗೋದು ಕಷ್ಟ. ಕೂತು ತಿಂದ್ರೆ ತಲಾ ಇಷ್ಟು ಅಂತ "ಕೊಪೆರ್ತೊ" ಅನ್ನೋ ಟೇಬಲ್ ಚಾರ್ಜು ಬಿಲ್ಲಲ್ಲಿ ಸೇರಿಸ್ತಾರೆ, ಅದು ಮೋಸ ಅಲ್ಲ, ಪದ್ಧತಿ. ಒಂದು ಹೊತ್ತು ಕೂತು ಉಣ್ಣಿ, ಮಿಕ್ಕಿದ್ದು ಕೈಯಲ್ಲಿ ಹಿಡ್ಕೊಂಡು ತಿನ್ನೋದು, ನಮ್ಮ ಲೆಕ್ಕ ಹಂಗಿತ್ತು.

ನೀರಿಗೆ ಇಳಿಯೋ ಮುಂಚೆ

ಗೋಕರ್ಣ, ಮರವಂತೆ ನೋಡಿದ ಕಣ್ಣಿಗೆ ಸಮುದ್ರ ಅಂದ್ರೆ ಮರಳು, ಅಂಚಲ್ಲಿ ನಿಂತು ಕಾಲು ನೆನೆಸೋದು. ಇಲ್ಲಿ ಹಾಗಿಲ್ಲ. ಮನರೋಲಾದಲ್ಲಿ ಬೀಚೇ ಇಲ್ಲ, ಬಂಡೆಯಿಂದ ಸೀದಾ ಆಳದ ನೀರು, ಇಳಿಯೋಕೆ ಹತ್ತೋಕೆ ಏಣಿ. ಅಲ್ಲಿ ಸ್ಥಳೀಯ ಹುಡುಗ್ರು ಬಂಡೆಯಿಂದ ಹಾರ್ತಿರ್ತಾರೆ, ಅವರು ನಡೆಯೋಕೆ ಕಲಿಯೋ ಮುಂಚೆ ಈಜು ಕಲ್ತೋರು. ಈಜು ಬರದೋರು ಆ ಏಣಿ ಹತ್ರಾನೂ ಹೋಗ್ಬೇಡಿ, ನಾನು ಕೈಮುಗಿದು ಕೇಳ್ಕೊಳ್ತೀನಿ. ನೀರಲ್ಲಿ ಆಡ್ಬೇಕು ಅಂದ್ರೆ ಮೊಂತೆರೊಸ್ಸೊದ ಫೆಜೀನಾ ಬೀಚು, ಸ್ಟೇಷನ್ ಎದುರಿಗೇ. ಕೊಡೆ, ಕುರ್ಚಿ ಸಾಲಾಗಿ ಇಟ್ಟಿರೋ ಕಡೆ ದುಡ್ಡು ಕೊಡ್ಬೇಕು, "ಸ್ಪ್ಯಾಜ್ಜಾ ಲೀಬೆರಾ" ಅಂತ ಬರೆದಿರೋ ಭಾಗ ಉಚಿತ. ಕೆಂಪು ಬಾವುಟ ಹಾರ್ತಿದ್ರೆ ಯಾರೂ ಇಳಿಯಲ್ಲ, ಚರ್ಚೆ ಇಲ್ಲ. ಒಬ್ಬರು ದಡದಲ್ಲಿ ಫೋನ್ ಹಿಡ್ಕೊಂಡು ಕೂತಿರಲಿ, ತುರ್ತಿಗೆ 112, ಸಮುದ್ರದ ಅಪಾಯಕ್ಕೆ ಕರಾವಳಿ ಕಾವಲು ಪಡೆ 1530.

ಭಾನುವಾರ ಮತ್ತೆ ವಾಪಸ್

ಕಾರ್ಡ್ ಬೇಡ ಅಂದಿದ್ದು ಇದಕ್ಕೆ. ಭಾನುವಾರ ಐದು ಊರುಗಳಲ್ಲಿ ಜನ ಇನ್ನೂ ಜಾಸ್ತಿ, ಅವತ್ತು ಲಾ ಸ್ಪೇತ್ಸಿಯಾದಿಂದ ಊರಿನ ಬಸ್ಸು ಹತ್ತಿ ಪೊರ್ತೊವೇನೆರೆಗೆ ಹೋಗಿ, ಅರ್ಧ ಗಂಟೆ ದಾರಿ, ಅದೂ ಅದೇ ಯುನೆಸ್ಕೊ ಪಟ್ಟೀಲಿರೋ ಊರು. ಬಂಡೆ ತುದೀಲಿ ಸಂತ ಪಿಯೆತ್ರೊ ಚರ್ಚು, ಬಿಳಿ ಕಪ್ಪು ಕಲ್ಲಿನ ಪಟ್ಟೆ, ಮೂರು ಕಡೆ ಸಮುದ್ರ. ಅಲ್ಲಿಂದ ಸೀಸನ್ನಲ್ಲಿ ದೋಣೀನೂ ಹೊರಡತ್ತೆ, ಕೊರ್ನೀಲ್ಯಾ ಬಿಟ್ಟು ಉಳಿದ ಊರುಗಳಿಗೆ ಹೋಗತ್ತೆ, ಅಲೆ ಜೋರಿದ್ರೆ ನಿಲ್ಲಿಸ್ತಾರೆ. ದುಡ್ಡು ಮಿಕ್ಕಿದ್ರೆ ಒಂದು ಕಡೆಗೆ ಮಾತ್ರ ದೋಣಿ ತಗೊಂಡು, ರಿಯೊಮಜ್ಜೋರೇಲಿ ಇಳಿದು ಟ್ರೈನಲ್ಲಿ ವಾಪಸ್ ಬನ್ನಿ. ನೀರ ಮೇಲಿಂದ ನೋಡಿದಾಗಲೇ ಆ ಕಲ್ಲುಗೋಡೆಗಳ ಸಾಲು ಗುಡ್ಡದ ನೆತ್ತಿ ತನಕ ಹತ್ತಿರೋದು ಪೂರ್ತಿ ಕಾಣೋದು.

ಮಿಲಾನಿಗೆ ಕೊನೇ ಟ್ರೈನ್ ಬುಕ್ ಮಾಡ್ಬೇಡಿ, ಅದಕ್ಕಿಂತ ಹಿಂದಿನದು ಮಾಡಿ, ತಪ್ಪಿದ್ರೆ ಇನ್ನೊಂದು ಇರಲಿ. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಕ್ಲಾಸು ಇರೋರಿಗಂತೂ ಇದು ಮುಖ್ಯ. ಟ್ರೈನ್ ಜೆನೋವಾ ದಾಟೋದ್ರೊಳಗೆ ಲೆಕ್ಕ ಚುಕ್ತಾ ಮಾಡಿ, ಯಾರು ಯಾರಿಗೆ ಎಷ್ಟು ಕೊಡ್ಬೇಕು ಅಂತ ಎಲ್ಲರ ಎದುರಿಗೇ ಓದಿ, ಅಲ್ಲೇ ಫೋನಲ್ಲಿ ಕಳಿಸ್ಕೊಳ್ಳಿ. ಜೆನೋವಾ ಆದ್ಮೇಲೆ ಹೆಂಗೂ ಎಲ್ಲರೂ ನಿದ್ದೆ ಹೋಗ್ತಾರೆ, ನಮ್ಮ ಬೋಗೀಲಿ ಎದ್ದಿದ್ದಿದ್ದು ನಾನು, ಖಾಲಿಯಾದ ಚಟ್ನಿಪುಡಿ ಡಬ್ಬಿ ಎರಡೇ.